ಸಂಬಂಧದ ಮೇಡಮ್ಮು

ಹೆಮ್ಮಿಗೆಯ ಗುರುಬಸಮ್ಮನ ಮಾತು ನಂಬುವುದಾದರೆ, ಅವಳು ಹಾಲಿನ ಡೇರಿಯ ಮುಂದೆ ನಿಂತು ಆಡಿದ ಒಂದೇ ಒಂದು ಮಾತಿನಿಂದ ಅವಳ ತಮ್ಮನ ಮಗಳಿಗೆ ಮೈಸೂರಿನ ಕಾಲೇಜಿನಲ್ಲಿ ಕಾಯಂ ನೌಕರಿ ಸಿಕ್ಕಿತು, ಇಡೀ ಹೆಮ್ಮಿಗೆ ಸುಳ್ಳು ಹೇಳುವುದನ್ನು ಬಿಟ್ಟಿತು. ಆ ಹೊತ್ತಿನಲ್ಲಿ ಅವಳ ಬಾಯಲ್ಲಿ ಎಲೆಅಡಿಕೆ ಇತ್ತು. ಬಾಯಿ ಖಾಲಿ ಇದ್ದು ಇನ್ನೆರಡು ಮಾತು ಆಡಿದ್ದರೆ ಹುಡುಗಿ ಡಿ.ಸಿ.ಯೇ ಆಗಿಬಿಡುತ್ತಿದ್ದಳಂತೆ.

“ಇದ್ರಲ್ಲಿ ಅರ್ಧ ಸುಳ್ಳು ಕಣವ್ವ,” ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. “ಆದ್ರೆ ಯಾವರ್ಧ ಅಂತ ನಾನ್ಯಾಕ್ ಏಳ್ಲಿ? ಬೇಕಾದೋರು ಉಡುಕ್ಕೊಳ್ಲಿ.”

ಈ ಸಲ ಹುಡುಕಿಕೊಳ್ಳಬೇಕಾದವಳು ಪಕ್ಕದ ಮನೆಯ ಮರಿತಾಯಮ್ಮ. ಮಗಳ ಬಾಣಂತನಕ್ಕೆಂದು ಗುಂಡ್ಲುಪೇಟೆಗೆ ಹೋದವಳು ಮೊಮ್ಮಗು ಅಂಬೆಗಾಲಿಡುವ ತನಕ ಅಲ್ಲೇ ಉಳಿದು, ಈಗ ಹುಣಸೆಹಣ್ಣಿನ ಕಾಲಕ್ಕೆ ಊರಿಗೆ ಮರಳಿದ್ದಳು. ಅವಳಿಲ್ಲದಾಗ ಊರಿಗೆ ಎಲೆಕ್ಷನ್ ಬಂದು ಹೋಗಿತ್ತು. ಗುರುಬಸಮ್ಮನ ಹೆಸರು ನಂಜನಗೂಡಿನವರೆಗೆ ಹೋಗಿ ಬಂದಿತ್ತು. ಜಗಲಿಯ ಮೇಲೆ ಇಬ್ಬರ ನಡುವೆ ಹುಣಸೆಹಣ್ಣಿನ ರಾಶಿ. ಬೀಜ ಬಿಡಿಸುವ ಕೆಲಸ ಮರಿತಾಯಮ್ಮನದು, ಮಾತಿನ ಕೆಲಸ ಗುರುಬಸಮ್ಮನದು.

“ಮೊದ್ಲಿಂದ ಏಳಕ್ಕ,” ಅಂದಳು ಮರಿತಾಯಮ್ಮ. “ನೀನು ನಡುಮಧ್ಯದಿಂದ ಸುರು ಮಾಡುದ್ರೆ ನಂಗೆ ತಲೆಬಾಲ ಗೊತ್ತಾಗಕಿಲ್ಲ.”

ಮೊದಲಿನಿಂದ ಎಂದರೆ ಹಿಂದಿನ ಶ್ರಾವಣದಿಂದ, ತೊಂಬತ್ತೊಂಬತ್ತನೇ ಇಸವಿಯ ಎಲೆಕ್ಷನ್ ಕಾವೇರಿದ್ದಾಗಿನಿಂದ.

ಗುರುಬಸಮ್ಮನ ತಮ್ಮ ಚಿಕ್ಕಬಸಪ್ಪನದು ನಂಜನಗೂಡಿನಲ್ಲಿ ಪಾತ್ರೆ ಅಂಗಡಿ. ಅವನ ಒಬ್ಬಳೇ ಮಗಳು ಪವಿತ್ರ ಒಂದು ಮಧ್ಯಾಹ್ನ ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಹೆಗಲಿಗೊಂದು ಚೀಲ ಹಾಕಿಕೊಂಡು ಹೆಮ್ಮಿಗೆಯಲ್ಲಿ ಇಳಿದಳು. ಅವಳು ನಂಜನಗೂಡಿನ ಒಂದು ಕಾಲೇಜಿನಲ್ಲಿ ಮೇಡಮ್ಮು. ಆದರೆ ಬೇಸಿಗೆ ಬಂದರೆ ಮನೆಗೆ ಕಳಿಸುವ, ಮಳೆ ಬಂದ ಮೇಲೆ ಮನಸ್ಸಾದರೆ ಕರೆಯುವ ಥರದ ಮೇಡಮ್ಮು. ಇಂಥದ್ದರಲ್ಲಿ ಮೈಸೂರಿನ ಕಾಲೇಜೊಂದು ಅವಳದೇ ವಿಷಯಕ್ಕೆ ಹೊಸ ವಿಭಾಗ ತೆರೆಯುತ್ತೇನೆಂದಿತ್ತು. ಇದ್ದದ್ದು ಒಂದೇ ಕಾಯಂ ಹುದ್ದೆ. ಸಂಶೋಧನೆಯ ಪ್ರಬಂಧ ಬರೆದು ಕೊಟ್ಟವರಿಗೆ ಮಾತ್ರ ಅದಕ್ಕೆ ಅರ್ಜಿ ಹಾಕುವ ಅವಕಾಶ. ಪವಿತ್ರಳ ಪ್ರಬಂಧದಲ್ಲಿ ಒಂದು ಅಧ್ಯಾಯ ಬಾಕಿ ಇತ್ತು. ಹಳ್ಳಿಗೆ ಹೋಗಿ, ಎಲೆಕ್ಷನ್ನಿನಲ್ಲಿ ಮುಖಂಡರ ಮಾತು ಜನರಿಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿ ಬರೆಯುವ ಅಧ್ಯಾಯ.

“ಅದಾಗಲಿಲ್ಲ ಅಂದ್ರೆ ಮಲ್ಲಿಕಾರ್ಜುನ್ ಸಾರ್ ಸಹಿ ಹಾಕಲ್ಲ ಅತ್ತೆ,” ಅಂದಳು ಪವಿತ್ರ. ಮಲ್ಲಿಕಾರ್ಜುನ್ ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರು, ತಾಂಡವಪುರದ ಕಡೆಯವರು, ನಗುವುದಕ್ಕೂ ಆಧಾರ ಕೇಳುವ ಮನುಷ್ಯ. “ಸಹಿ ಇಲ್ಲ ಅಂದ್ರೆ ಪೋಸ್ಟ್ ಇಲ್ಲ. ಇದೂ ತಪ್ಪಿದ್ರೆ ಅಪ್ಪನ ಅಂಗಡೀಲಿ ಕೂತು ಲೋಟದ ಮೇಲೆ ಹೆಸರು ಕೊರೀಬೇಕು ಅಷ್ಟೇ.”

“ಕೊರೆಯೋದಾದ್ರೆ ನನ್ನೆಸ್ರು ಮೊದ್ಲು ಕೊರಿ ಮಗಾ. ನಿಮ್ಮಪ್ಪ ಒಂದ್ ತಾಮ್ರದ ಕೊಳಗ ಕೊಡ್ತೀನಿ ಅಂತ ನನ್ ಮದ್ವೇಲಿ ಅಂದಿದ್ದ. ನಿಮ್ ಮಾವ ಸತ್ತು ಕೈಲಾಸ ಸೇರುದ್ರು, ಕೊಳಗ ಮಾತ್ರ ನಂಜನಗೂಡ್ ದಾಟ್ನಿಲ್ಲ.”

ಪವಿತ್ರ ನಗಲಿಲ್ಲ. ಅವಳಿಗೆ ನಿಜಕ್ಕೂ ಭಯವಿತ್ತು. ಹುಡುಗಿ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಉಳಿಸಿದ್ದನ್ನು ನೋಡಿ ಗುರುಬಸಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮಾರನೆಯ ದಿನ ಪವಿತ್ರ ಎದುರು ಮನೆಯ ಶಿವಣ್ಣನಿಂದ ಶುರು ಮಾಡಿದಳು. ಗುರುಬಸಮ್ಮ ತನ್ನ ಜಗಲಿಯಿಂದಲೇ ಕಿವಿ ಕೊಟ್ಟಿದ್ದಳು.

“ಯಾವ್ ಪಾಲ್ಟಿಯವ್ರವ್ವ?” ಅಂದ ಶಿವಣ್ಣ.

“ಪಾರ್ಟಿ ಅಲ್ಲ ಯಜಮಾನ್ರೆ, ಸಂಶೋಧನೆ.”

“ಓ, ಒಸ್ದಾಗ್ ನಿಂತದಾ? ಗುರ್ತೇನು?”

“ಗುರುತಿಲ್ಲ, ಅದು...”

“ಗುರ್ತಿಲ್ದೆ ಯಾವ್ದುಕ್ಕವ್ವ ಒತ್ತದು? ಓಗ್ಲಿ ಬುಡು, ನೀವ್ ಏಳುದ್ಮೇಲೆ ಆಯ್ತು. ನಮ್ಮಟ್ಟಿ ವೋಟೆಲ್ಲ ಸಂಸೋದ್ನೆಗೇ.”

ಅಷ್ಟು ಹೇಳಿ ಶಿವಣ್ಣ ಬಾಗಿಲು ಎಳೆದುಕೊಂಡ. ಬೀದಿಯ ಆ ತುದಿಯ ತನಕ ಇದೇ ಕಥೆ. ಕೆಲವರು ರೇಷನ್ ಕಾರ್ಡಿನವಳು ಅಂದುಕೊಂಡರು; ಗುರುಮಲ್ಲಪ್ಪನ ಮನೆಯಲ್ಲಿ ಪೋಲಿಯೋ ಹನಿಯವಳೆಂದು ಇಬ್ಬರು ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿದರು. ಸಂಜೆ ಪವಿತ್ರ ಬಂದು ಕಂಬಕ್ಕೆ ಒರಗಿ ಕೂತಳು.

“ಅಲ್ಲ ಮಗಾ, ನೀನು ಓದೋದಾದ್ರೂ ಏನು? ಬಾಯ್ತುಂಬ ಒಂದೆಸ್ರು ಇಲ್ವ ಅದ್ಕೆ?”

“ಇದೆ ಅತ್ತೆ. ಇಂಗ್ಲೀಷಲ್ಲಿ ಪಬ್ಲಿಕ್ ರಿಲೇಷನ್ಸ್.”

“ಕನ್ನಡ್ದಲ್ಲಿ ಏಳು, ನಂಗೇನ್ ಇಂಗ್ಲೀಸ್ ಬರಕಿಲ್ವ? ಆದ್ರೂ ಏಳು.”

“ಸಾರ್ವಜನಿಕ ಸಂಬಂಧ. ಅದ್ರ ಜೊತೆಗೆ ರಾಜಕೀಯ ಸಂವಹನ.”

ಗುರುಬಸಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಸಂಬಂಧ! ಇದಕ್ಕೂ ಈಗ ಕಾಲೇಜು ಬಂತೇ? ಅವಳ ಕಾಲದಲ್ಲಿ ಸಂಬಂಧ ಕುದುರಿಸುವುದಕ್ಕೆ ಒಬ್ಬ ಸೋದರಮಾವ, ಎರಡು ಬಾಳೆಹಣ್ಣು ಸಾಕಿತ್ತು. ಇರಲಿ, ಕಾಲ ಬದಲಾಗಿದೆ. ಹುಡುಗಿ ಓದಿ ಓದಿ, ತನಗೆ ಗಂಡು ನೋಡುವುದನ್ನೂ ಪಾಠದ ಹಾಗೆ ಮಾಡುತ್ತಿದ್ದಾಳೆ. ನಾಚಿಕೆಗೆ ‘ಸಾರ್ವಜನಿಕ’ ಎಂದು ಮುಂದೊಂದು ಸೇರಿಸಿದ್ದಾಳೆ.

“ಸಂಬಂಧ ಗೊತ್ತಾಯ್ತು,” ಅಂದಳು. “ಆ ವಾಹನ ಯಾಕೆ?”

“ವಾಹನ ಅಲ್ಲ ಅತ್ತೆ, ಸಂವಹನ.”

“ಅದೇ ಕಣ್ ಮಗಾ. ಸಂಬಂಧ ಅಂದ್ಮೇಲೆ ಓಗಿ ಬರಕೆ ವಾಹನ ಬ್ಯಾಡ್ವ? ಬರೋಬ್ಬರಿ ಅದೆ.”

ಪವಿತ್ರ ದಣಿದಿದ್ದಳು. ತಿದ್ದುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಮಲಗಿಬಿಟ್ಟಳು.

ಆ ತಲೆಯಾಡಿಸುವಿಕೆಯೇ ಸಾಕಾಯಿತು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದ ಗುರುಬಸಮ್ಮ, ಕ್ಯಾನುಗಳ ಸಾಲಿನ ಪಕ್ಕ ನಿಂತು ಆ ಒಂದು ಮಾತು ಆಡಿದಳು.

“ನನ್ ತಮ್ಮನ್ ಮಗಳು ಸಂಬಂಧದ್ ಇಸ್ಯದಲ್ಲಿ ಬಂದವ್ಳೆ ಕಣ್ರಪ್ಪ. ಮನೆಮನೆಗೂ ಬತ್ತಾಳೆ. ಒಸಿ ವಿಚಾರ್ಸ್ಕೊಳ್ಳಿ.”

ಹಾಲು ಹುಳಿಯಾಗುವ ಮೊದಲು ಮಾತು ಊರು ಸುತ್ತಿತು. ಶಿವಣ್ಣನ ಮಗ ಮದುವೆಯ ವಯಸ್ಸಿಗೆ ಬಂದಿದ್ದ. ಗುರುಮಲ್ಲಪ್ಪನ ಮಗ ಅದನ್ನು ದಾಟಿ ಮುಂದೆ ಹೋಗಿದ್ದ, ಅಂದರೆ ತಲೆಯ ಮುಂಭಾಗದ ಕೂದಲು ಖಾಲಿಯಾಗಿತ್ತು. ಗಂಡುಮಗ ಇಲ್ಲದ ಮನೆಯವರೂ ಅಕ್ಕನ ಮಗನನ್ನೋ ಭಾವನ ಮಗನನ್ನೋ ನೆನಪು ಮಾಡಿಕೊಂಡರು.

ಅವತ್ತು ಅತ್ತೆಯ ಜೊತೆಯಲ್ಲಿ ಬೀದಿಗಿಳಿದ ಪವಿತ್ರಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ನಿನ್ನೆ ಮುಚ್ಚಿದ ಬಾಗಿಲುಗಳ ಮುಂದೆ ಇವತ್ತು ರಂಗೋಲಿ. ಶಿವಣ್ಣ ಇಸ್ತ್ರಿ ಮಾಡಿದ ಶರಟು ತೊಟ್ಟು ನಿಂತಿದ್ದ.

“ಬನ್ನಿ ಮೇಡಮ್ಮು, ಕುಂತ್ಕೊಳ್ಳಿ. ಲೇ, ಆ ಚಾಪೆ ಅಲ್ಲ ಕಣೇ, ಜಮಖಾನ ಆಸು!”

ಪವಿತ್ರ ಮೆಲ್ಲಗೆ ಕೇಳಿದಳು: “ಮುಖಂಡರು ಯಾರಾದ್ರೂ ನಿಮ್ಮ ಊರಿಗೆ ಬಂದಿದ್ರಾ?”

“ಊರ್ಗಾ? ನಮ್ಮಟ್ಟಿಗೇ ಬಂದಿದ್ರು! ಮೊನ್ನೆ ಬಿಳೀ ಜೀಪಲ್ಲಿ ಬಂದಿದ್ರಲ್ಲ, ಆ ಸಾಹೇಬ್ರು, ನೀವು ಕುಂತಿರೋ ಜಾಗ್ದಲ್ಲೇ ಕುಂತಿದ್ರು. ಅಕ್ಕಿರೊಟ್ಟಿ ಉಚ್ಚೆಳ್ಳು ಚಟ್ನಿ ಇನ್ನೊಂದ್ ಆಕವ್ವ ಅಂತ ಇಸ್ಕೊಂಡ್ ಉಂಡ್ರು.”

ಗುರುಮಲ್ಲಪ್ಪನ ಮನೆಯಲ್ಲಿ ಅದೇ ಸಾಹೇಬರು ಪಾಯಸ ಕುಡಿದು, ಅವನ ಮಗನ ಬೆನ್ನು ತಟ್ಟಿ, ‘ನಿಮ್ಮಂಥವರು ಬೇಕು’ ಎಂದಿದ್ದರು. ಅದರಾಚೆ ಮನೆಯಲ್ಲಿ ಹುರುಳಿಕಾಳಿನ ಸಾರು. ಅದರಾಚೆ ಒಬ್ಬಟ್ಟು. ಮೂಲೆಮನೆಯಲ್ಲಿ ಉಂಡು, ಅರ್ಧ ಗಂಟೆ ಮಲಗಿಯೂ ಎದ್ದಿದ್ದರು. ಪವಿತ್ರ ಒಂದನ್ನೂ ಬಿಡದೆ ಬರೆದುಕೊಂಡಳು. ನಡುನಡುವೆ ಜನ ಅವಳನ್ನೂ ಕೇಳುತ್ತಿದ್ದರು. ನಿಮ್ಮದು ಯಾವ ಮಠ, ಮುದ್ದೆ ಕಟ್ಟಲು ಬರುತ್ತದೆಯೇ, ನಿಮ್ಮಪ್ಪನಿಗೆ ಆ ಪಾತ್ರೆ ಅಂಗಡಿ ಒಂದೇಯೋ. ಹಳ್ಳಿಯ ಜನ ಎಷ್ಟು ಬೇಗ ತಮ್ಮವಳೆಂದುಕೊಳ್ಳುತ್ತಾರೆ ಎಂದು ಪವಿತ್ರಳ ಮನಸ್ಸು ತುಂಬಿ ಬಂತು.

“ನಿಮ್ಮ ಮನೆಗೂ ಬಂದಿದ್ರಾ ಅತ್ತೆ?” ಎಂದು ಸಂಜೆ ಕೇಳಿದಳು.

ಇಡೀ ಬೀದಿಯಲ್ಲಿ ಉಂಡವರು ತನ್ನ ಮನೆಯಲ್ಲಿ ಉಪವಾಸ ಹೋದರು ಎಂದು ಹೇಳಲು ಗುರುಬಸಮ್ಮನಿಗೆ ಹೇಗೆ ಮನಸ್ಸಾದೀತು?

“ಉಂಡ್ರು ಮಗಾ. ಉಂಡು, ಕೈ ತೊಳ್ದು, ನಿಮ್ ಮಾವನ ಪಟ ನೋಡಿ ಕಣ್ಣೀರ್ ಆಕುದ್ರು.”

ಪವಿತ್ರ ಖುಷಿಯಾಗಿ ನಂಜನಗೂಡಿಗೆ ಹೋದಳು. ಎಲೆಕ್ಷನ್ ಮುಗಿಯಿತು, ದಸರಾ ಮುಗಿಯಿತು. ಇತ್ತ ಹೆಮ್ಮಿಗೆಯಲ್ಲಿ ಶಿವಣ್ಣ ದಿನಕ್ಕೊಮ್ಮೆ ಬಂದು, “ಏನಾಯ್ತು ಗುರುಬಸಕ್ಕ?” ಎನ್ನುತ್ತಿದ್ದ. ಅವನು ಹೋದ ಮೇಲೆ ಹಿತ್ತಲ ಬಾಗಿಲಿಂದ ಗುರುಮಲ್ಲಪ್ಪ ಬಂದು ಅದನ್ನೇ ಕೇಳುತ್ತಿದ್ದ. ಕೊನೆಗೆ ಗುರುಬಸಮ್ಮ ಇಬ್ಬರಿಗೂ ಒಂದೇ ಮಾತು ಹೇಳಿದಳು: ಹುಡುಗಿ ಕೆಲಸ ಮಾಡುವ ಜಾಗವನ್ನೇ ಹೋಗಿ ನೋಡೋಣ. ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ ಹೇಳಿದಳು. ಆದರೆ ಊರಲ್ಲಿ ಇದ್ದದ್ದು ಒಂದೇ ವ್ಯಾನು.

ಆ ವ್ಯಾನು ನಂಜೇಶನದು. ಅವನು ಹೆಮ್ಮಿಗೆಯ ಮೈಕ್ ಸೆಟ್ಟಿನ ಹುಡುಗ, ಮದುವೆ ಇನ್ನೂ ಆಗಿರಲಿಲ್ಲ. ಎಲೆಕ್ಷನ್ನಿನಲ್ಲಿ ಬೆಳಿಗ್ಗೆ ಒಂದು ಪಕ್ಷಕ್ಕೆ, ಸಂಜೆ ಇನ್ನೊಂದಕ್ಕೆ ಒಂದೇ ಗಂಟಲಲ್ಲಿ ಕೂಗಿದವನು. ವ್ಯಾನಿನ ನೆತ್ತಿಯ ಮೇಲೆ ಎರಡು ಹಾರ್ನು ಇನ್ನೂ ಕಟ್ಟಿಯೇ ಇದ್ದವು. ಹಣ್ಣು, ತೆಂಗಿನಕಾಯಿ, ಹೂವಿನ ಬುಟ್ಟಿ ಇಟ್ಟುಕೊಂಡು ಒಂದು ಕಿಟಕಿಗೆ ಶಿವಣ್ಣ, ಇನ್ನೊಂದಕ್ಕೆ ಗುರುಮಲ್ಲಪ್ಪ ಮುಖ ಮಾಡಿ ಕೂತರು. ನಂಜನಗೂಡು ಬರುವ ತನಕ ಇಬ್ಬರೂ ಕಬ್ಬಿನ ಗದ್ದೆಗಳನ್ನೇ ನೋಡಿದರು. ನಡುವೆ ಗುರುಬಸಮ್ಮ ಮಹಾರಾಣಿಯ ಹಾಗೆ ಕೂತಿದ್ದಳು.

ಕಾಲೇಜಿನಲ್ಲಿ ಅವತ್ತು ಏನೋ ಗದ್ದಲ. ಸಭಾಂಗಣದ ಬಾಗಿಲಿಗೆ ಉದ್ದದ ಬಟ್ಟೆ ಕಟ್ಟಿದ್ದರು.

“ಏನ್ ಬರ್ದವ್ರೆ ಓದ್ಲಾ,” ಅಂದಳು ಗುರುಬಸಮ್ಮ.

ನಂಜೇಶ ಮೈಕಿನ ದನಿಯಲ್ಲೇ ಓದಿದ: “ಸಾರ್ವಜನಿಕ ಸಂಬಂಧ. ಒಂದು ದಿನದ ವಿಚಾರ ಸಂಕಿರಣ.”

“ಒಂದ್ ದಿನದ್ ಸಂಬಂಧ ಯಾವನ್ಗ್ ಬೇಕ್ಲಾ?” ಅಂದ ಶಿವಣ್ಣ.

“ಸಾರ್ವಜನಿಕವಾಗಿ ಎಣ್ಣ್ ತೋರುಸ್ತಾವ್ರಲ್ಲಪ್ಪ,” ಎಂದು ಗುರುಮಲ್ಲಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. “ಜನ ಬೇರೆ ತುಂಬೋಗದೆ. ಪೈಪೋಟಿ ಜೋರಾಗದೆ.”

ಹಿಂದಿನ ಬೆಂಚಿನಲ್ಲಿ ಎಲ್ಲರೂ ಕೂತರು. ವೇದಿಕೆಯ ಮೇಲೆ ಪವಿತ್ರ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಮೈಸೂರಿನಿಂದ ಬಂದ ದೊಡ್ಡ ಮೇಷ್ಟರುಗಳು, ನಡುವಿನವರು ಮಲ್ಲಿಕಾರ್ಜುನ್.

“ಹೆಮ್ಮಿಗೆಯಲ್ಲಿ ನಾನು ಹೋದ ಪ್ರತಿ ಮನೆಯಲ್ಲೂ ಆ ಮುಖಂಡರು ಊಟ ಮಾಡಿದ್ದಾರೆ,” ಎಂದು ಪವಿತ್ರ ಓದುತ್ತಿದ್ದಳು. “ಗೋಡೆಯ ಪೋಸ್ಟರಿಗಿಂತ, ಮೈಕಿನ ಕೂಗಿಗಿಂತ, ಜೊತೆಯಲ್ಲಿ ಕೂತು ಉಂಡ ತುತ್ತೇ ಮತದಾರರಿಗೆ ಹೆಚ್ಚು ತಾಗುತ್ತದೆ.”

ಮಲ್ಲಿಕಾರ್ಜುನ್ ಕೈ ಎತ್ತಿದರು. “ಒಂದು ನಿಮಿಷ. ಅವರು ಹೆಮ್ಮಿಗೆಗೆ ಎಷ್ಟು ಸಲ ಬಂದಿದ್ರು?”

“ಒಂದು ಸಲ ಸಾರ್. ಒಂದು ಮಧ್ಯಾಹ್ನ.”

“ಆ ಒಂದು ಮಧ್ಯಾಹ್ನದಲ್ಲಿ ಅಕ್ಕಿರೊಟ್ಟಿ, ಪಾಯಸ, ಒಬ್ಬಟ್ಟು, ಹುರುಳಿಕಾಳಿನ ಸಾರು, ಒಂದು ಮನೇಲಿ ನಿದ್ದೆ. ಅಲ್ಲಮ್ಮ, ಅದು ಹೊಟ್ಟೆಯೋ, ಕಬಿನಿ ಡ್ಯಾಮೋ?”

ಸಭೆ ಘೊಳ್ಳೆಂದಿತು. ಪವಿತ್ರಳ ಮುಖ ಬಿಳುಚಿತು. ಆಗ ಹಿಂದಿನ ಬೆಂಚಿನಿಂದ ಶಿವಣ್ಣ ಎದ್ದು ನಿಂತ. ಸೊಸೆಯಾಗುವವಳಿಗೆ ಅವಮಾನವಾದರೆ ಯಾವ ಮಾವ ಸುಮ್ಮನಿರುತ್ತಾನೆ?

“ಮೇಡಮ್ಮು ಸುಳ್ಳೇಳ್ತಿಲ್ಲ ಸಾ. ಉಂಡವ್ರೆ. ನಮ್ಮಟ್ಟೀಲಿ ಉಂಡಿದ್ಕೆ ನಾನೇ ಸಾಕ್ಸಿ.”

“ನಿಮ್ಮಟ್ಟೀಲಿ ಎಲ್ಲ್ ಉಂಡ್ರು?” ಗುರುಮಲ್ಲಪ್ಪನೂ ಎದ್ದ. “ಅವತ್ ನಿಮ್ಮನೆ ಒಲೇನೇ ಅಚ್ಚಿರ್ನಿಲ್ಲ, ನಿನ್ನೆಡ್ತಿ ತೌರ್ಗೋಗಿದ್ಳು. ಉಂಡಿದ್ದು ನಮ್ಮಟ್ಟೀಲಿ ಸಾ, ಪಾಯಸ!”

“ನಿಮ್ಮಟ್ಟಿ ಸಂದೀಗೆ ಜೀಪೇ ನುಗ್ಗಕಿಲ್ಲ! ಪಾಯಸನ ಪೈಪಲ್ಲಿ ಬುಟ್ಯಾ?”

“ಯಜಮಾನ್ರೆ,” ಅಂದರು ಮಲ್ಲಿಕಾರ್ಜುನ್, ಇಬ್ಬರನ್ನೂ ನೋಡಿ. “ನಿಜ ಹೇಳಿ. ಅವರು ಜೀಪಿಂದ ಇಳಿದಿದ್ರಾ?”

ಶಿವಣ್ಣ ಗುರುಮಲ್ಲಪ್ಪನ ಮುಖ ನೋಡಿದ. ಗುರುಮಲ್ಲಪ್ಪ ತೆಂಗಿನಕಾಯಿಯ ಮುಖ ನೋಡಿದ.

“ಇಳೀನಿಲ್ಲ ಸಾ,” ಅಂದ ಶಿವಣ್ಣ.

“ಮತ್ತೆ ಯಾಕೆ ಹಾಗೆ ಹೇಳಿದ್ರಿ?”

“ಸಂಬಂಧಕ್ಕೆ ಬಂದೋರ್ ಮುಂದೆ ಇದ್ದುದ್ನ ಇದ್ದಂಗೆ ಯಾರ್ ಸಾ ಏಳ್ತಾರೆ?”

“ಯಾವ ಸಂಬಂಧ?”

ಶಿವಣ್ಣ ವೇದಿಕೆಯ ಹಿಂದೆ ಕಟ್ಟಿದ್ದ ಇನ್ನೊಂದು ಬಟ್ಟೆಯತ್ತ ಬೆರಳು ತೋರಿಸಿದ. “ಅದೇ ಸಾ. ನೀವೇ ದೊಡ್ಡಕ್ಸರದಲ್ಲಿ ಬರ್ಸಾಕಿದೀರಲ್ಲ.”

ಆಗಲೇ ಪವಿತ್ರಳ ಕಣ್ಣು ಹಿಂದಿನ ಬೆಂಚಿಗೆ ಹೋದದ್ದು. ಹೂವಿನ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದವರು ಯಾರೆಂದು ಅವಳಿಗೆ ಸೀರೆಯ ಅಂಚಿನಲ್ಲೇ ಗೊತ್ತಾಯಿತು. ಕೈಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ಗುರುಬಸಮ್ಮ ಹಿಂದೆಯೇ ಓಡಿದಳು. ಪವಿತ್ರ ಕಾಲೇಜಿನ ನಲ್ಲಿಯ ಹತ್ತಿರ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ನೀರು ಯಾವುದು, ಕಣ್ಣೀರು ಯಾವುದು ತಿಳಿಯುವಂತಿರಲಿಲ್ಲ.

“ಏನು ಹೇಳಿದ್ರಿ ಅತ್ತೆ ಊರಲ್ಲಿ?”

“ನೀನೇ ಅಲ್ವ ಮಗಾ ಸಂಬಂಧ ಅಂದಿದ್ದು? ನಾನೇನ್ ಒಂದಕ್ಸರ ಕೂಡುಸ್ನಿಲ್ಲ.”

“ಒಂದಕ್ಷರ ಬಿಟ್ರಲ್ಲ! ಸಾರ್ವಜನಿಕ ಅನ್ನೋದನ್ನ ಬಿಟ್ರಿ!”

“ಅದು ನೀನು ನಾಚ್ಕೆಗೆ ಸೇರ್ಸಿದ್ದೀಯೆ ಅಂದ್ಕಂಡೆ.”

ಪವಿತ್ರ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಆ ಹಾರ್ನು ಹೊತ್ತ ವ್ಯಾನಿನ ಕಡೆ ನೋಡಿದಳು. ಇನ್ನು ಈ ಹುಡುಗಿ ಲೋಟದ ಮೇಲೆ ಹೆಸರು ಕೊರೆಯುವುದೇ ಸೈ ಎಂದುಕೊಂಡಳು ಗುರುಬಸಮ್ಮ. ಏನಾದರೂ ಬಡಾಯಿ ಹೇಳಿ ನಗಿಸೋಣವೆಂದರೆ, ಹುಟ್ಟಿದ ಮೇಲೆ ಮೊದಲ ಸಲ ಅವಳ ಬಾಯಿಗೆ ಒಂದೂ ಬರಲಿಲ್ಲ.

“ಅತ್ತೆ,” ಅಂದಳು ಪವಿತ್ರ ಕೊನೆಗೆ. “ಎಲ್ಲರೂ ಒಂದೇ ಸುಳ್ಳು ಯಾಕೆ ಹೇಳಿದ್ರು?”

“ಗಂಡಿನ್ ಕಡೆಯೋರು ಏನ್ ಬೇಕಾದ್ರೂ ಏಳ್ತಾರೆ ಬುಡು.”

“ಅದೇ! ಏನು ಬೇಕಾದ್ರೂ ಹೇಳಬಹುದಿತ್ತು. ಕಾರಿದೆ ಅನ್ನಬಹುದಿತ್ತು, ಮೈಸೂರಲ್ಲಿ ಸೈಟಿದೆ ಅನ್ನಬಹುದಿತ್ತು. ಅದು ಬಿಟ್ಟು, ಸಾಹೇಬ್ರು ನಮ್ಮನೇಲಿ ಉಂಡ್ರು ಅಂದ್ರೆ ಹೆಣ್ಣು ಕೊಡ್ತಾರೆ ಅಂತ ಇಡೀ ಬೀದಿಗೆ ಅನ್ನಿಸಿದೆಯಲ್ಲ.”

ಅಷ್ಟು ಹೇಳಿದವಳೇ ಸರಸರನೆ ಒಳಗೆ ಹೋದಳು. ಗುರುಬಸಮ್ಮ ಬಾಗಿಲಿಗೆ ಕಿವಿ ಇಟ್ಟಳು. ಒಳಗೆ ಪವಿತ್ರ ಹಾಳೆ ನೋಡದೆ ಮಾತಾಡುತ್ತಿದ್ದಳು. ಈ ಜನ ಸುಳ್ಳು ಹೇಳಿದ್ದಾರೆ, ತಾನು ಅದನ್ನು ನಿಜವೆಂದು ಓದಿದ್ದೇ ತಪ್ಪು. ಆದರೆ ಮುಖಂಡನ ಹೆಸರನ್ನು ಜನ ಒಡವೆಯ ಹಾಗೆ ಹಾಕಿಕೊಂಡು ಮೆರೆಯುತ್ತಾರಲ್ಲ, ಅದರಲ್ಲೇ ತನ್ನ ಅಧ್ಯಾಯ ಇದೆ. ಜೀಪಿನಿಂದ ಇಳಿಯದ ಮನುಷ್ಯ ಇಷ್ಟು ಮನೆಯಲ್ಲಿ ಉಂಡ ಎಂದರೆ, ಅದಕ್ಕಿಂತ ದೊಡ್ಡ ಪ್ರಚಾರ ಯಾವುದು?

ಸಭೆ ಈ ಸಲ ನಗಲಿಲ್ಲ. ಮಲ್ಲಿಕಾರ್ಜುನ್ ಕನ್ನಡಕ ತೆಗೆದು ಒರೆಸಿಕೊಂಡರು.

“ಸರಿಯಮ್ಮ. ಅರ್ಧ ಆಯ್ತು. ವಾಪಸ್ ಹೋಗು. ಈ ಸಲ ನೀನು ಯಾರು ಅಂತ ಸರಿಯಾಗಿ ಹೇಳಿ, ಅದೇ ಮನೆಗಳಲ್ಲಿ ಅದೇ ಪ್ರಶ್ನೆ ಕೇಳು. ಎರಡನ್ನೂ ಪಕ್ಕಪಕ್ಕ ಇಟ್ಟು ಬರಿ. ಆಮೇಲೆ ಸಹಿ.”

ಹೇಳುವುದು ಸುಲಭ. ಊರಿಗೆಲ್ಲ ಸಂಬಂಧದ ಮೇಡಮ್ಮು ಆದವಳು, ಅಲ್ಲ ಎಂದು ಹೇಳುವುದು ಹೇಗೆ? ಗುರುಬಸಮ್ಮ ಡೇರಿಯಲ್ಲಿ ನಿಂತು ಹೇಳಿದಳು. ‘ದರ ಏರಿಸೋಕೆ ಹಿಂಗಂತಾವ್ಳೆ’ ಎಂದು ಜನ ನಕ್ಕರು. ಕೊನೆಗೆ ನಂಜೇಶನ ವ್ಯಾನೇ ಗತಿಯಾಯಿತು. ಪವಿತ್ರ ಒಂದು ಪ್ರಕಟಣೆ ಬರೆದುಕೊಟ್ಟಳು: ‘ಸಂವಹನದಲ್ಲಿ ಉಂಟಾದ ವ್ಯತ್ಯಯಕ್ಕಾಗಿ ವಿಷಾದಿಸುತ್ತೇವೆ.’ ನಂಜೇಶ ಅದನ್ನು ಎರಡು ಸಲ ಓದಿಕೊಂಡು ಜೇಬಿನಲ್ಲಿ ಇಟ್ಟುಕೊಂಡ.

“ಇದ್ನ ಓದುದ್ರೆ ಕರೆಂಟ್ ಓಯ್ತದೆ ಅಂತ ಜನ ಮೋಟರ್ ಆಫ್ ಮಾಡ್ತಾರೆ ಮೇಡಮ್. ನನ್ ಪಾಡಿಗ್ ಬುಡಿ.”

ಕಾರ್ತೀಕದ ಒಂದು ಬೆಳಿಗ್ಗೆ ಹೆಮ್ಮಿಗೆಯ ಬೀದಿಯಲ್ಲಿ ವ್ಯಾನು ಹೊರಟಿತು. ಮುಂದಿನ ಸೀಟಿನಲ್ಲಿ ಪವಿತ್ರ, ಹಿಂದೆ ಗುರುಬಸಮ್ಮ.

“ಹೆಮ್ಮಿಗೆಯ ಮಹಾಜನಗಳೇ! ನಂಜನಗೂಡಿನ ಪವಿತ್ರ ಮೇಡಮ್ಮನವರು ಗಂಡು ನೋಡಲು ಬಂದಿಲ್ಲ! ಬಂದಿಲ್ಲ! ಬಂದಿಲ್ಲ! ಅವರು ಓದುವ ಸಲುವಾಗಿ ಬಂದಿದ್ದಾರೆ! ಯಾರೂ ಒಬ್ಬಟ್ಟು ಮಾಡಬಾರದು! ಕೇಳಿದ್ದಕ್ಕೆ ನಿಜ ಹೇಳಬೇಕು! ಆದ್ದರಿಂದ ತಮ್ಮ ಅಮೂಲ್ಯವಾದ ಮತವನ್ನು ಪವಿತ್ರ ಮೇಡಮ್ಮನವರಿಗೇ ನೀಡಿ, ಪ್ರಚಂಡ ಬಹುಮತದಿಂದ...”

“ನಂಜೇಶ್!” ಎಂದು ಪವಿತ್ರ ಮೈಕು ಕಿತ್ತುಕೊಂಡಳು.

“ಸಾರಿ ಮೇಡಮ್. ನಾಲ್ಗೆ ಅಭ್ಯಾಸ.”

ಪವಿತ್ರ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಅವಳ ನಗು ಮೈಕಿನೊಳಗೆ ಹೋಗಿ, ಎರಡು ಹಾರ್ನಿನಿಂದ ಹೊರಗೆ ಬಂದು, ದೂರದ ಸೋಸಲೆ ಊರಿಗೂ ಕೇಳಿಸಿತಂತೆ. ಸೋಸಲೆಯ ಮಾತು ಗುರುಬಸಮ್ಮನದು. ನಗು ಮಾತ್ರ ನಿಜ.

ಈ ಸಲ ಜಮಖಾನ ಹಾಸಲಿಲ್ಲ. ಕುಡಿಯಲು ನೀರು, ಕೈಗೊಂದು ಬೆಲ್ಲದ ಚೂರು. ಶಿವಣ್ಣ ಹಳೇ ಬನಿಯನ್ನಿನಲ್ಲೇ ಕೂತ.

“ಜೀಪು ಒಂಟೋಯ್ತು ಕಣವ್ವ. ಕೈ ಬೀಸುದ್ರು. ನಂಗ್ ಬೀಸುದ್ರೋ, ನಮ್ಮೆಮ್ಮೆಗ್ ಬೀಸುದ್ರೋ ಗೊತ್ತಾಗ್ನಿಲ್ಲ. ಎಮ್ಮೆ ತಲೆ ಆಡುಸ್ತು.”

“ಮತ್ತೆ ವೋಟು?”

“ಅವರ್ಗೇ ಆಕ್ದೆ. ನಮ್ಮಟ್ಟೀಲಿ ಉಂಡವ್ರೆ ಅಂತ ಊರ್ಗೆಲ್ಲ ಏಳ್ಬುಟ್ಟಿದ್ನಲ್ಲ, ಇನ್ನೊಬ್ಬರ್ಗೆ ಎಂಗ್ ಆಕ್ಲಿ?”

ಪವಿತ್ರ ಬರೆಯುತ್ತಿದ್ದ ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಆಮೇಲೆ ಬೀದಿಯ ಉದ್ದಕ್ಕೂ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದಳು. ಎಷ್ಟೋ ಮನೆಯಲ್ಲಿ ಉತ್ತರ ಅದೇ: ತಾವು ಹೇಳಿದ ಸುಳ್ಳಿಗೆ ತಾವೇ ವೋಟು ಹಾಕಿದ್ದರು.

ಎಲ್ಲರ ಮಾತೂ ಬದಲಾಯಿತು, ಒಬ್ಬಳದು ಬಿಟ್ಟು.

“ಈಗ ನಿಜ ಹೇಳಿ ಅತ್ತೆ. ಸಾಹೇಬ್ರು ನಿಮ್ಮ ಮನೇಲಿ ಉಂಡ್ರಾ?”

“ಉಂಡ್ರು ಮಗಾ. ಎರಡ್ ಸಲ ಉಂಡ್ರು. ಎರಡ್ನೇ ಸಲ ಬುತ್ತಿ ಕಟ್ಟುಸ್ಕೊಂಡ್ರು.”

“ನಿಮ್ಮದು ಲೆಕ್ಕಕ್ಕಿಲ್ಲ,” ಎಂದು ಪವಿತ್ರ ಎದ್ದಳು.

ಅಧ್ಯಾಯ ಮುಗಿಯಿತು. ಮಲ್ಲಿಕಾರ್ಜುನ್ ಓದಿ, ಆಧಾರ ಕೇಳದೆ ನಕ್ಕು, ಸಹಿ ಹಾಕಿದರು. ಶಿವರಾತ್ರಿ ಕಳೆದ ಮೇಲೆ ಮೈಸೂರಿನಲ್ಲಿ ಹುದ್ದೆಗೆ ಸಂದರ್ಶನ. ಅಲ್ಲಿ ಕೂತಿದ್ದವರಲ್ಲಿ ಒಬ್ಬರು, ಸಾರ್ವಜನಿಕ ಸಂಬಂಧ ಎಂದರೇನು, ನಿಮ್ಮ ಮಾತಲ್ಲೇ ಹೇಳಿ ಎಂದರಂತೆ. ‘ಜೀಪಿಂದ ಇಳಿಯದೆ ಊರೆಲ್ಲ ಉಂಡು ಬರೋದು ಸಾರ್’ ಎಂದಳಂತೆ ಪವಿತ್ರ. ಮೂರನೆಯ ದಿನ ಆದೇಶ ಚಿಕ್ಕಬಸಪ್ಪನ ಅಂಗಡಿಗೆ ಬಂತು. ಆ ಸಂತೋಷದಲ್ಲಿ ಅವನು ಅಕ್ಕನಿಗೆ ಕೊಳಗ ಕಳಿಸಿದನೇ ಎಂದರೆ, ಇಲ್ಲ.

“ಅಲ್ಲಿಗೆ ಕತೆ ಮುಗೀತು ಅನ್ನು,” ಅಂದಳು ಮರಿತಾಯಮ್ಮ. ಹುಣಸೆಹಣ್ಣಿನ ರಾಶಿಯೂ ಮುಗಿದಿತ್ತು. “ಕೆಲ್ಸ ಸಿಕ್ಕಿದ್ದು ದಿಟ. ಊರು ಸುಳ್ಳೇಳದು ಬುಟ್ಟಿದ್ದು ಸುಳ್ಳು. ಅಷ್ಟೇ ತಾನೆ ನಿನ್ ಅರ್ಧ?”

“ಅವಸ್ರ ಯಾಕವ್ವ?” ಗುರುಬಸಮ್ಮ ಒಳಗೆ ಹೋಗಿ, ನೆಲುವಿನಿಂದ ಎರಡು ಸಿಹಿಯ ಡಬ್ಬ ಇಳಿಸಿಕೊಂಡು ಬಂದು ಜಗಲಿಯ ಮೇಲಿಟ್ಟಳು. ಒಂದರ ಮೈಸೂರು ಪಾಕು ಅರ್ಧ ಖಾಲಿಯಾಗಿತ್ತು. ಇನ್ನೊಂದಕ್ಕೆ ಕಟ್ಟಿದ ದಾರವನ್ನು ಇನ್ನೂ ಬಿಚ್ಚಿರಲಿಲ್ಲ.

“ಮೊನ್ನೆ ಸೋಮವಾರ ಪವಿತ್ರ ತಂದ್ಕೊಟ್ಳು ಕಣವ್ವ. ಇದು ಕೆಲ್ಸ ಸಿಕ್ಕಿದ್ಕೆ ಅತ್ತೆ, ತಿನ್ನಿ ಅಂದ್ಳು. ಅದು ಯಾಕ್ ಮಗಾ ಅಂದೆ. ಅದು ಈಗ್ಲೇ ಬಿಚ್ಬೇಡಿ, ಅಪ್ಪ ಬಂದು ಮಾತಾಡ್ಲಿ, ಆಮೇಲೆ ಅಂದ್ಳು. ಮುಖ ನೋಡುದ್ರೆ ಕುಂಕುಮ ಚೆಲ್ಲುದಂಗಿತ್ತು.”

“ಅದ್ಯಾಕಂತೆ?”

“ನಂಗೇನ್ ಗೊತ್ತು, ಓದು ಬರಹ ಇಲ್ದೋಳು. ಒಂದೇಳ್ತೀನಿ ಕೇಳು. ಅವತ್ತು ನರಸೀಪುರದಿಂದ ಬಸ್ಸು ಸರ್ಯಾದ್ ಟೈಮ್ಗೆ ಬಂತು, ಬಸ್ಸಲ್ಲಿ ಅವ್ಳಿರ್ನಿಲ್ಲ. ಆಮೇಲ್ ಬಂದ್ಳು. ಬಂದಿದ್ ಗಾಡಿ ಮೇಲ್ಗಡೆ ಎರಡ್ ಆರ್ನು ಇತ್ತು.”

ಮರಿತಾಯಮ್ಮ ದಾರ ಕಟ್ಟಿದ ಡಬ್ಬವನ್ನು ಕೈಗೆತ್ತಿಕೊಂಡಳು. ಗುರುಬಸಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ನಿಧಾನವಾಗಿ ಮಡಿಚಿ ಬಾಯಿಗಿಟ್ಟುಕೊಂಡಳು.

“ಸಂಬಂಧ ಅಂದ್ಮೇಲೆ ವಾಹನ ಬ್ಯಾಡ್ವ ಅಂತ ನಾನು ಅವತ್ತೇ ಅಂದಿದ್ದೆ. ಈಗ ಆ ಡಬ್ಬ ಯಾತುಕ್ಕೆ ಅಂತ ನೀನೇ ಏಳು, ನೋಡ್ವ.”